ಸೋಲುವುದರಲ್ಲಿ ಪಳಗಿದವಳು

ಮೇಜಿನ ಮೇಲೆ ಒಂದು ಟಾನಿಕ್ ಬಾಟಲಿ, ಪಕ್ಕದಲ್ಲಿ ಒಂದು ದೊಡ್ಡ ಚಮಚ. ಮೇಜಿನ ಹಿಂದೆ ನಿಂತ ಹೆಂಗಸು ಟೆಲಿವಿಷನ್ ಜಾಹೀರಾತಿಗೆ ತಾಲೀಮು ನಡೆಸುತ್ತಿದ್ದಾಳೆ. ಟಾನಿಕ್ಕಿನ ಹೆಸರು ವಿಟಮೀಟವೆಜಮಿನ್. ವಿಟಮಿನ್, ಮಾಂಸ, ತರಕಾರಿ, ಖನಿಜ ಎಲ್ಲವೂ ಒಂದೇ ಬಾಟಲಿಯಲ್ಲಿವೆ ಎಂದು ಸಾರಲು ಹುಟ್ಟಿಸಿದ ಹೆಸರು ಅದು. ನೆಟ್ಟಗಿರುವ ನಾಲಿಗೆಗೇ ಅದು ಹೊರಳುವುದು ಕಷ್ಟ. ಬಾಟಲಿಯೊಳಗೆ ಇನ್ನೊಂದು ವಸ್ತುವೂ ಇದೆ, ಶೇಕಡಾ 23ರಷ್ಟು ಆಲ್ಕೋಹಾಲ್. ಅದು ನೋಡುವ ನಮಗೆ ಗೊತ್ತು, ಕುಡಿಯುವ ಅವಳಿಗೆ ಗೊತ್ತಿಲ್ಲ. ನಿರ್ದೇಶಕ ಮತ್ತೊಮ್ಮೆ ಎನ್ನುತ್ತಾನೆ. ಅವಳು ಮತ್ತೊಂದು ಚಮಚ ಕುಡಿಯುತ್ತಾಳೆ. 1952ರ ಮೇ 5ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ‘ಐ ಲವ್ ಲೂಸಿ’ಯ ಈ ದೃಶ್ಯದ ಸಾಮಗ್ರಿ ಇಷ್ಟೇ. ನಗಿಸುವುದಕ್ಕೆ ಇಷ್ಟು ಸಾಕೇ ಎಂದು ಕೇಳಿದರೆ, ಬೇರೆ ಯಾರಿಗಾದರೂ ಸಾಲದು. ಲೂಸಿಲ್ ಬಾಲ್‌ಗೆ ಇದು ಬೇಕಾದಷ್ಟಾಯಿತು.

ಮೊದಲ ಚಮಚವನ್ನು ನಿಧಾನವಾಗಿ ನೋಡಬೇಕು. ಟಾನಿಕ್ಕು ಮಿಠಾಯಿಯಷ್ಟು ಸವಿಯಾಗಿದೆ ಎಂದು ಲೂಸಿ ನಗುನಗುತ್ತಾ ಹೇಳಬೇಕು. ಅದು ಬಾಯಿಗೆ ಬಿದ್ದ ಕೂಡಲೇ ಮುಖವಿಡೀ ಒಳಕ್ಕೆ ಎಳೆದುಕೊಳ್ಳುತ್ತದೆ. ಕಣ್ಣು ಕಿರಿದಾಗುತ್ತದೆ, ಮೂಗು ಮೇಲೇರುತ್ತದೆ, ಕೆನ್ನೆ ನಡುಗುತ್ತದೆ. ಆದರೆ ತುಟಿಗಳಿಗೆ ನಗುವ ಆಜ್ಞೆಯಾಗಿದೆಯಲ್ಲ, ಅವು ನಗುತ್ತಲೇ ಇರುತ್ತವೆ. ಮುಖದ ಮೇಲರ್ಧ ಒಂದು ಹೇಳುತ್ತದೆ, ಕೆಳಗಿನರ್ಧ ಇನ್ನೊಂದು. ಎರಡನೆಯ ಸಲ ಆ ಸೆಳೆತ ಸ್ವಲ್ಪ ಕಡಿಮೆ. ಮೂರನೆಯ ಸಲಕ್ಕೆ ಔಷಧ ನಿಜವಾಗಿಯೂ ರುಚಿಸತೊಡಗಿದೆ. ಮಾತಿನ ಮೊದಲ ಪದಗಳು ಸರಿಯಾಗಿಯೇ ಬರುತ್ತವೆ, ಮಧ್ಯದಲ್ಲೆಲ್ಲೋ ಎರಡು ಪದಗಳು ಜಾಗ ಬದಲಾಯಿಸಿಕೊಳ್ಳುತ್ತವೆ. ಕೊನೆಗೆ ಚಮಚ ಎಲ್ಲೋ, ಸುರಿಯುವ ಧಾರೆ ಎಲ್ಲೋ. ಚಮಚದ ಗೊಡವೆಯೇ ಬೇಡವೆಂದು ಬಾಟಲಿಯನ್ನೇ ಬಾಯಿಗೆತ್ತುತ್ತಾಳೆ.

ಕುಡುಕರ ಪಾತ್ರವನ್ನು ರಂಗದ ಮೇಲೆ ಯಾರು ಬೇಕಾದರೂ ಮಾಡುತ್ತಾರೆ. ತೂರಾಡಿದರೆ, ತೊದಲಿದರೆ ಚಪ್ಪಾಳೆ ಬೀಳುತ್ತದೆ. ಲೂಸಿಲ್ ತೂರಾಡುವುದಿಲ್ಲ. ಆಕೆ ಅಭಿನಯಿಸುವುದು ಕುಡಿದವಳನ್ನಲ್ಲ, ಸಿಕ್ಕಿದ ಕೆಲಸವನ್ನು ಹೇಗಾದರೂ ಸರಿಯಾಗಿ ಮಾಡಿ ಮುಗಿಸಬೇಕೆಂದು ಒದ್ದಾಡುವವಳನ್ನು. ಲೂಸಿಯ ಬೆನ್ನು ಕೊನೆಯವರೆಗೂ ನೆಟ್ಟಗಿರಲು ಹೆಣಗುತ್ತದೆ. ಆ ಹೆಣಗಾಟದಲ್ಲಿ ಕಿಂಚಿತ್ತೂ ಚೇಷ್ಟೆಯಿಲ್ಲ, ಅದರಲ್ಲೇ ಹಾಸ್ಯ ಇರುವುದು. ಲೂಸಿ ಎಂಬ ಪಾತ್ರ ತನ್ನನ್ನು ನೋಡಿ ಒಮ್ಮೆಯೂ ನಗುವುದಿಲ್ಲ.

ಭರತನ ನಾಟ್ಯಶಾಸ್ತ್ರ ನಗುವನ್ನು ಆರು ಮೆಟ್ಟಿಲಾಗಿ ಜೋಡಿಸುತ್ತದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನವು ಮಧ್ಯಮರಿಗೆ, ಕೊನೆಯವು ಅಧಮರಿಗೆ. ಹಾಸ್ಯವು ಹೆಚ್ಚಾಗಿ ಹೆಂಗಸರಲ್ಲೂ ನೀಚಪ್ರಕೃತಿಯವರಲ್ಲೂ ಕಾಣುತ್ತದೆ ಎಂಬ ಮಾತೂ ಅಲ್ಲೇ ಇದೆ. ಈ ಜೋಡಣೆಯ ಬಗ್ಗೆ ಇಂದು ಜಗಳವಾಡಬಹುದು, ಆಡಲೇಬೇಕು. ಆದರೆ ಟಾನಿಕ್ಕಿನ ದೃಶ್ಯದ ಎದುರು ಕುಳಿತವರ ಗಂಟಲು ಕೆಲವೇ ನಿಮಿಷಗಳಲ್ಲಿ ಆ ಮೆಟ್ಟಿಲುಗಳನ್ನು ಒಂದೂ ಬಿಡದೆ ಇಳಿಯುತ್ತದೆ. ತುಟಿಯಂಚಿನಲ್ಲಿ ಶುರುವಾದದ್ದು ಕಣ್ಣೀರು ಬರಿಸಿ, ಪಕ್ಕೆ ಹಿಡಿಸಿ ನಿಲ್ಲುತ್ತದೆ. ಉತ್ತಮರು ಯಾರು, ಅಧಮರು ಯಾರು ಎಂದು ಆಗ ಹೇಳಲು ಬರುವುದಿಲ್ಲ.

ಇಷ್ಟು ಹದವಾಗಿ ನಗಿಸಿದಾಕೆಯ ಬಾಲ್ಯದಲ್ಲಿ ನಗುವಿಗೆ ಹೆಚ್ಚು ಕಾರಣಗಳಿರಲಿಲ್ಲ. 1911ರ ಆಗಸ್ಟ್ 6ರಂದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಹುಟ್ಟು. ತಂದೆ ಟೆಲಿಫೋನ್ ತಂತಿ ಎಳೆಯುವ ಲೈನ್‌ಮನ್. ಮಗಳಿಗೆ ಮೂರು ವರ್ಷವಿದ್ದಾಗ ಅವರು ಟೈಫಾಯ್ಡ್‌ಗೆ ತುತ್ತಾದರು, ತಾಯಿ ಡೀಡೀ ಆಗ ಗರ್ಭಿಣಿ. ಬೆಳೆದದ್ದು ಷಟಾಕ್ವಾ ಸರೋವರದ ದಂಡೆಯ ಸೆಲೊರಾನ್ ಎಂಬ ಸಣ್ಣ ಊರಿನಲ್ಲಿ, ತಾಯಿಯ ತಂದೆ ಫ್ರೆಡ್ ಹಂಟ್‌ರ ಮನೆಯಲ್ಲಿ. ಅಜ್ಜ ಸಮಾಜವಾದಿ, ವಾಡ್‌ವಿಲ್ ಎಂಬ ವಿನೋದಾವಳಿ ಪ್ರದರ್ಶನಗಳ ಹುಚ್ಚಿನವರು, ಮೊಮ್ಮಕ್ಕಳನ್ನೂ ಜೊತೆಗೆ ಕರೆದೊಯ್ಯುವವರು. 1927ರಲ್ಲಿ ಅವರ ಹಿತ್ತಿಲಿನಲ್ಲಿ ಮಕ್ಕಳು ಗುರಿ ಹೊಡೆಯುತ್ತಿದ್ದಾಗ ನೆರೆಯ ಹುಡುಗನೊಬ್ಬನಿಗೆ ಗುಂಡು ತಗುಲಿತು. ನಡೆದದ್ದು ಆಕಸ್ಮಿಕವೇ, ಆದರೆ ಮೊಕದ್ದಮೆಯಲ್ಲಿ ಅಜ್ಜ ಮನೆಯನ್ನೇ ಕಳೆದುಕೊಂಡರು.

ಅದಕ್ಕೆ ಮೊದಲೇ, ಹದಿಹರೆಯದಲ್ಲಿ, ಆಕೆಯನ್ನು ನ್ಯೂಯಾರ್ಕ್ ನಗರದ ಒಂದು ನಾಟಕಶಾಲೆಗೆ ಸೇರಿಸಿದ್ದರು. ಅಲ್ಲಿ ಬೆಟ್ಟಿ ಡೇವಿಸ್ ಎಂಬ ಸಹಪಾಠಿ ಎಲ್ಲರ ಕಣ್ಮಣಿ. ಲೂಸಿಲ್ ಮಾತ್ರ ಬಾಯಿ ಬಿಡದ ಹುಡುಗಿ. ಈಕೆಗೆ ಸಂಕೋಚ ಹೆಚ್ಚು, ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ ಎಂದು ಮನೆಗೆ ಕಳಿಸಿಬಿಟ್ಟರು. ಆಮೇಲೆ ಬಟ್ಟೆಗಳಿಗೆ ಮಾಡೆಲ್ ಆದದ್ದು, ಕಾಯಿಲೆ ಬಿದ್ದು ಕಾಲಿನ ಶಕ್ತಿ ಕಳೆದುಕೊಂಡು ಮತ್ತೆ ನಡೆಯಲು ಕಲಿತದ್ದು, ಸಿಗರೇಟಿನ ಜಾಹೀರಾತು, 1933ರಲ್ಲಿ ‘ರೋಮನ್ ಸ್ಕ್ಯಾಂಡಲ್ಸ್’ ಚಿತ್ರದ ನರ್ತಕಿಯರ ಸಾಲಿನಲ್ಲೊಂದು ಜಾಗ. ಮುಂದಿನ ಹದಿನೈದು ವರ್ಷಗಳ ಚಿತ್ರಗಳ ಪಟ್ಟಿ ಉದ್ದವಾಗಿದೆ. 1937ರ ‘ಸ್ಟೇಜ್ ಡೋರ್’, 1940ರ ‘ಡಾನ್ಸ್, ಗರ್ಲ್, ಡಾನ್ಸ್’, 1942ರ ‘ದಿ ಬಿಗ್ ಸ್ಟ್ರೀಟ್’ ಇವುಗಳನ್ನು ಈಗಲೂ ನೋಡಬಹುದು. ಉಳಿದವುಗಳಲ್ಲಿ ಬಹುಪಾಲು ಎರಡನೆಯ ದರ್ಜೆಯವು. ಹಾಲಿವುಡ್ ಆಕೆಯ ಎತ್ತರವನ್ನೂ ಕಾಲುಗಳನ್ನೂ ನೋಡಿತು, ಗದರುವ ಸಂಭಾಷಣೆ ಕೊಟ್ಟು ನಿಲ್ಲಿಸಿತು. ಆ ಮುಖಕ್ಕೆ ಹಿಗ್ಗುವ, ಕುಗ್ಗುವ, ಮುದುಡುವ ಶಕ್ತಿ ಇದೆಯೆಂಬುದು ಯಾವ ಸ್ಟುಡಿಯೋದ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ.

ಬಿದ್ದದ್ದು ಒಬ್ಬರ ಕಣ್ಣಿಗೆ. ಮೂಕಿಚಿತ್ರಗಳ ಮಹಾರಾಜನಾಗಿದ್ದ ಬಸ್ಟರ್ ಕೀಟನ್ 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೋದಲ್ಲಿ ಬೇರೆಯವರ ಚಿತ್ರಗಳಿಗೆ ನಗೆಯ ಉಪಾಯಗಳನ್ನು ಹೊಸೆದುಕೊಡುವ ಸಣ್ಣ ಕೆಲಸದಲ್ಲಿದ್ದರು. ಲೂಸಿಲ್ ಕೂಡ ಆಗ ಅಲ್ಲೇ ಇದ್ದರು. ರಂಗದ ಮೇಲಿನ ವಸ್ತು ನಟನ ಗುಲಾಮನಲ್ಲ, ಎದುರು ಪಾತ್ರಧಾರಿ ಎಂಬ ಪಾಠ ಕೀಟನ್‌ರಿಂದ ಬಂದದ್ದು. ಟೋಪಿ, ಕುರ್ಚಿ, ಏಣಿ ಯಾವುದೇ ಇರಲಿ, ಅದರ ತೂಕ, ಅದರ ಜಾರಿಕೆ, ಅದರ ಹಟ ಮೊದಲೇ ಕೈಗೆ ಗೊತ್ತಿರಬೇಕು. ಕೂದಲಿಗೆ ಆ ಪ್ರಸಿದ್ಧ ಕೆಂಪು ಬಣ್ಣ ಬಂದದ್ದೂ ಎಂಜಿಎಂನಲ್ಲೇ, 1943ರ ‘ಡು ಬಾರಿ ವಾಸ್ ಎ ಲೇಡಿ’ ಎಂಬ ವರ್ಣಚಿತ್ರಕ್ಕಾಗಿ. ಮುಂದೆ ಆಕೆ ಮನೆಮಾತಾದ ಧಾರಾವಾಹಿ ಕಪ್ಪು ಬಿಳುಪಿನದು. ಕೋಟ್ಯಂತರ ಜನ ಆ ಕೂದಲನ್ನು ಬೂದುಬಣ್ಣದಲ್ಲಿ ನೋಡಿಯೂ ಕೆಂಪೆಂದೇ ನೆನಪಿಟ್ಟುಕೊಂಡರು.

1940ರಲ್ಲಿ ‘ಟೂ ಮೆನಿ ಗರ್ಲ್ಸ್’ ಚಿತ್ರೀಕರಣದಲ್ಲಿ ಕ್ಯೂಬಾದಿಂದ ಬಂದ ಸಂಗೀತಗಾರ ಡೆಸಿ ಅರ್ನಾಸ್ ಸಿಕ್ಕರು. ಅದೇ ನವೆಂಬರ್ 30ರಂದು ಮದುವೆ. ಅವರು ವಾದ್ಯತಂಡ ಕಟ್ಟಿಕೊಂಡು ಊರೂರು ತಿರುಗುವವರು, ಈಕೆ ಬೆಳಗಾಗುವ ಮೊದಲೇ ಸ್ಟುಡಿಯೋಗೆ ಹೊರಡುವವರು. ಗಂಡಹೆಂಡತಿ ಒಂದೇ ಸೂರಿನಡಿ ಇರಬೇಕೆಂಬ ಆಸೆಯಿಂದ ಅಮೆರಿಕದ ಟೆಲಿವಿಷನ್ನಿನ ಚರಿತ್ರೆ ತಿರುಗಿತು ಎಂದರೆ ಉತ್ಪ್ರೇಕ್ಷೆಯಲ್ಲ. 1948ರಿಂದ ಲೂಸಿಲ್ ರೇಡಿಯೋದಲ್ಲಿ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಹಾಸ್ಯಮಾಲಿಕೆ ಮಾಡುತ್ತಿದ್ದರು. ನಿರ್ಮಾಪಕ ಜೆಸ್ ಆಪನ್‌ಹೈಮರ್, ಲೇಖಕರಾದ ಮ್ಯಾಡಲಿನ್ ಪ್ಯೂ ಮತ್ತು ಬಾಬ್ ಕ್ಯಾರಲ್ ಸಿಕ್ಕಿದ್ದು ಅಲ್ಲಿ. ಎದುರಿಗೆ ಜನ ಕುಳಿತಿದ್ದರೆ ಆಕೆ ಅರಳುತ್ತಾರೆ ಎಂಬುದನ್ನು ಕಂಡುಕೊಂಡದ್ದೂ ಅಲ್ಲೇ. ಕಾರ್ಯಕ್ರಮವನ್ನು ಟೆಲಿವಿಷನ್ನಿಗೆ ತರೋಣವೆಂದು ಸಿಬಿಎಸ್ ಕೇಳಿತು. ಗಂಡನಾಗಿ ಡೆಸಿಯೇ ಬೇಕು ಎಂಬುದು ಲೂಸಿಲ್‌ರ ಪಟ್ಟು. ಅಮೆರಿಕದ ಹೆಂಗಸಿಗೆ ಸ್ಪ್ಯಾನಿಷ್ ರಾಗದಲ್ಲಿ ಇಂಗ್ಲಿಷ್ ಮಾತಾಡುವ ಗಂಡನೇ, ಜನ ಒಪ್ಪುವುದಿಲ್ಲ ಎಂದರು ಮೇಲಿನವರು. ಅವರಿಬ್ಬರೂ ನಿಜಜೀವನದಲ್ಲಿ ಹತ್ತು ವರ್ಷದಿಂದ ಗಂಡಹೆಂಡತಿ! 1950ರಲ್ಲಿ ಇಬ್ಬರೂ ಒಂದು ಹಾಸ್ಯಪ್ರಸಂಗ ಕಟ್ಟಿಕೊಂಡು ರಂಗಮಂದಿರಗಳನ್ನು ಸುತ್ತಿದರು. ಜನ ಒಪ್ಪಿದರು. ಜನ ಒಪ್ಪಿದ ಮೇಲೆ ಮೇಲಿನವರೂ ಒಪ್ಪಲೇಬೇಕಾಯಿತು.

1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಶುರುವಾಯಿತು. ಆಗಿನ ಕಾರ್ಯಕ್ರಮಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರಪ್ರಸಾರವಾಗುತ್ತಿದ್ದವು. ಪಶ್ಚಿಮದ ಊರುಗಳಿಗೆ ಟಿವಿ ಪರದೆಯಿಂದಲೇ ಚಿತ್ರೀಕರಿಸಿದ ಮಸುಕು ಪ್ರತಿ ಹೋಗುತ್ತಿತ್ತು. ದಂಪತಿಗಳು ಲಾಸ್ ಏಂಜಲೀಸ್ ಬಿಡಲು ಒಪ್ಪಲಿಲ್ಲ. ಬದಲಾಗಿ 35 ಮಿಲಿಮೀಟರ್ ಫಿಲ್ಮಿನಲ್ಲಿ, ಮೂರು ಕ್ಯಾಮೆರಾಗಳಿಂದ, ಸುಮಾರು 300 ಪ್ರೇಕ್ಷಕರೆದುರು ನಾಟಕದಂತೆ ಆಡಿ ಚಿತ್ರೀಕರಿಸುವ ಕ್ರಮವನ್ನು ಡೆಸಿ ತಮ್ಮ ಬಳಗದೊಂದಿಗೆ ರೂಢಿಸಿದರು. ಮೂರೂ ಕೋನಗಳಿಗೆ ಒಂದೇ ಸಲ ಸರಿಹೊಂದುವ ಬೆಳಕು ಎಂದರೆ ಛಾಯಾಗ್ರಾಹಕರಿಗೆ ದುಃಸ್ವಪ್ನ. ಆ ಗಂಟನ್ನು ಬಿಡಿಸಿದವರು ಕಾರ್ಲ್ ಫ್ರಾಯಂಡ್, ಜರ್ಮನಿಯಲ್ಲಿ ‘ಮೆಟ್ರೊಪೊಲಿಸ್’ ಚಿತ್ರೀಕರಿಸಿದ್ದ ಅದೇ ಮಹಾಶಯರು. ಫಿಲ್ಮಿನ ಹೆಚ್ಚಿನ ಖರ್ಚು ಯಾರ ತಲೆಗೆ ಎಂಬ ಪ್ರಶ್ನೆ ಬಂದಾಗ ದಂಪತಿಗಳು ತಮ್ಮ ಸಂಬಳ ತಗ್ಗಿಸಿಕೊಂಡು, ಆ ಫಿಲ್ಮುಗಳ ಒಡೆತನವನ್ನು ತಮ್ಮ ದೆಸಿಲು ಕಂಪನಿಗೆ ಕೇಳಿ ಪಡೆದರು. ಒಮ್ಮೆ ತೋರಿಸಿದ್ದನ್ನು ಎರಡನೆಯ ಸಲ ಯಾರು ನೋಡುತ್ತಾರೆ ಎಂದುಕೊಂಡು ಸಿಬಿಎಸ್ ಬಿಟ್ಟುಕೊಟ್ಟಿತು. ಅದಾಗಿ ಎಪ್ಪತ್ತು ವರ್ಷ ದಾಟಿದರೂ ಜನ ನೋಡುತ್ತಲೇ ಇದ್ದಾರೆ.

ಈ ಏರ್ಪಾಡಿನ ಬಗ್ಗೆ ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಆ 300 ಜನರ ನಗು ಲೂಸಿಲ್‌ರ ತಾಳ. ಒಂದು ಕಣ್ಣುಮಿಟುಕನ್ನು ಎಷ್ಟು ಹೊತ್ತು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆಕೆ ಆ ಸದ್ದಿಗೆ ಕಿವಿಗೊಟ್ಟು ನಿರ್ಧರಿಸುತ್ತಿದ್ದರು. ನಮ್ಮ ಟಿವಿ ಹಾಸ್ಯಧಾರಾವಾಹಿಗಳೂ ಇದೇ ಚೌಕಟ್ಟಿನವು: ನಡುಮನೆಯಲ್ಲೊಂದು ಸೋಫಾ, ಕೇಳದೆ ಒಳಬರುವ ನೆರೆಯವರು, ಅಡುಗೆಮನೆಯ ಬಾಗಿಲು. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೋಡಿದವರಿಗೆ ಲೂಸಿಯ ಮನೆ ಅಪರಿಚಿತವೆನಿಸದು. ಆದರೆ ಟೇಪಿನಿಂದ ತಂದು ಅಂಟಿಸಿದ ನಗು ಕಲಾವಿದರಿಗೆ ಏನನ್ನೂ ಹಿಂದಿರುಗಿ ಹೇಳುವುದಿಲ್ಲ. ‘ಐ ಲವ್ ಲೂಸಿ’ಯ ಧ್ವನಿಪಟ್ಟಿಯಲ್ಲಿ ಕಿವಿಗೊಟ್ಟು ಆಲಿಸಿದರೆ, ಲೂಸಿ ಎಡವಟ್ಟಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸಿನ ಆತಂಕದ ಉದ್ಗಾರ ಕೇಳಿಸುತ್ತದೆ. ಅದು ತಾಯಿ ಡೀಡೀ ಅವರದು. ಮಗಳ ಚಿತ್ರೀಕರಣವನ್ನು ಅವರು ತಪ್ಪಿಸಿದ್ದು ಅಪರೂಪ. ನಾಟಕವೆಂದು ಗೊತ್ತಿದ್ದೂ ಪ್ರತಿ ಸಲ ಅವರಿಗೆ ಭಯ.

ಲೂಸಿಲ್‌ರ ಮುಖ ಅಷ್ಟೊಂದು ಸಹಜವಾಗಿ ಉಕ್ಕುವುದನ್ನು ಕಂಡು ಎಲ್ಲ ಆ ಕ್ಷಣದಲ್ಲಿ ಹೊಳೆದದ್ದೆಂದು ನಂಬುವವರಿದ್ದಾರೆ. ನಿಜ ಬೇರೆ. ಲೇಖಕರು ಆಕೆಯ ಮುಖಗಳಿಗೆ ಹೆಸರಿಟ್ಟಿದ್ದರು. ಅಸಹ್ಯದಿಂದ ತುಟಿಯ ಮೂಲೆ ಸೊಟ್ಟಗಾಗುವ ಮುಖಕ್ಕೆ ‘ಜೇಡ’. ಕಣ್ಣು ತುಂಬಿ, ಗದ್ದ ನಡುಗಿ ಗೋಳೋ ಎಂದು ಅಳು ಒಡೆಯುವುದಕ್ಕೆ ಒಂದು ಹೆಸರು, ತಲೆಯಲ್ಲಿ ಹೊಸ ಕುತಂತ್ರ ಮೊಳೆತಾಗ ಕಣ್ಣರಳುವುದಕ್ಕೆ ‘ಬಲ್ಬು’. ಸ್ಕ್ರಿಪ್ಟಿನಲ್ಲಿ ಅಷ್ಟು ಬರೆದರೆ ಸಾಕು, ಉಳಿದದ್ದು ಆಕೆಯ ಜವಾಬ್ದಾರಿ. ಆಂಗಿಕದ ವಿವರಗಳು ದಪ್ಪಕ್ಷರದಲ್ಲಿ ಪುಟಗಟ್ಟಲೆ ಬರುತ್ತಿದ್ದವು. ಒಂದು ಸಾಹಸವನ್ನು ಹೆಣ್ಣೊಬ್ಬಳು ಮಾಡಬಹುದೇ ಎಂದು ತಿಳಿಯಲು ಮ್ಯಾಡಲಿನ್ ಪ್ಯೂ ಮೊದಲು ತಾವೇ ಅದನ್ನು ಮಾಡಿ ನೋಡುತ್ತಿದ್ದರು. ಲೇಖಕಿ ಕೈಕಾಲು ಮುರಿದುಕೊಳ್ಳದಿದ್ದರೆ ದೃಶ್ಯ ಪಾಸು. ಆಮೇಲೆ ಲೂಸಿಲ್ ಆ ವಸ್ತುಗಳೊಂದಿಗೆ ಗಂಟೆಗಟ್ಟಲೆ ಕಳೆಯುತ್ತಿದ್ದರು. ಎದುರಿಗಿರುವವರೂ ಹಾಗೆಯೇ ಮಾಡಬೇಕೆಂದು ಗದರುವವರೂ ಹೌದು. ಸೆಟ್ಟಿನ ಮೇಲೆ ಆಕೆ ವಿನೋದದ ಮನುಷ್ಯರಾಗಿರಲಿಲ್ಲ ಎಂದು ಜೊತೆಯಲ್ಲಿ ದುಡಿದವರು ಹೇಳುತ್ತಾರೆ.

ಆ ತಾಲೀಮು ಹೂ ಬಿಟ್ಟದ್ದು 1952ರ ಸೆಪ್ಟೆಂಬರ್ 15ರಂದು ಬಂದ ಚಾಕೊಲೇಟ್ ಕಾರ್ಖಾನೆಯ ಕಂತಿನಲ್ಲಿ. ಗಂಡಂದಿರು ಮನೆಗೆಲಸ ನೋಡಿಕೊಳ್ಳುವುದು, ಹೆಂಡತಿಯರು ದುಡಿಯುವುದು ಎಂಬ ಪಂಥ. ಲೂಸಿಯೂ ನೆರೆಯಾಕೆ ಎಥೆಲಳೂ ಕಾರ್ಖಾನೆ ಸೇರುತ್ತಾರೆ. ಮೊದಲು ಲೂಸಿ ಚಾಕೊಲೇಟ್ ಅದ್ದುವ ವಿಭಾಗದಲ್ಲಿ. ಪಕ್ಕದಲ್ಲಿ ಕುಳಿತಾಕೆ ನಟಿಯಲ್ಲ, ನಿಜವಾಗಿಯೂ ಅದೇ ಕಸುಬಿನವರು. ಅವರ ಕೈ ಕರಗಿದ ಚಾಕೊಲೇಟಿನಲ್ಲಿ ಸುತ್ತಿ ಎತ್ತಿ ಇಡುವುದನ್ನು ಲೂಸಿ ಕದ್ದು ನೋಡುತ್ತಾಳೆ, ಅನುಕರಿಸುತ್ತಾಳೆ. ಇಲ್ಲಿ ಎರಡು ಬಗೆಯ ಕೈಗಳಿವೆ. ಒಂದು ಕಸುಬು ಬಲ್ಲ ಕೈ. ಇನ್ನೊಂದು, ಕಸುಬು ಬಾರದು ಎಂದು ತೋರಿಸುವ ಕಸುಬಿನಲ್ಲಿ ನುರಿತ ಕೈ. ಮುಖದ ಮೇಲೆ ಹಾರುವ ನೊಣವೊಂದನ್ನು ಹೊಡೆಯಲು ಹೋಗಿ ಲೂಸಿ ಪಕ್ಕದವರ ಕೆನ್ನೆಗೆ ಚಾಕೊಲೇಟ್ ಬಳಿಯುತ್ತಾಳೆ. ಅವರು ತಿರುಗಿ ಹೊಡೆದ ಏಟು ತಾಲೀಮಿನಲ್ಲಿ ಇದ್ದುದಕ್ಕಿಂತ ಜೋರಾಗಿಯೇ ಬಿತ್ತಂತೆ.

ಆಮೇಲೆ ಆ ಬೆಲ್ಟು. ಚಲಿಸುವ ಪಟ್ಟಿಯ ಮೇಲೆ ಒಂದೊಂದೇ ಚಾಕೊಲೇಟ್ ಬರುತ್ತದೆ, ಇಬ್ಬರೂ ಕಾಗದ ಸುತ್ತಿ ಇಡಬೇಕು. ಒಂದು ಕೂಡ ಸುತ್ತದೆ ಮುಂದೆ ಹೋದರೆ ಕೆಲಸ ಹೋದಂತೆ ಎಂದು ಮೇಲ್ವಿಚಾರಕಿ ಗುಡುಗಿ ಹೋಗುತ್ತಾಳೆ. ಮೊದಮೊದಲು ಎಲ್ಲ ಸುಸೂತ್ರ. ಇದೇನು ಮಹಾ ಎಂದು ಇಬ್ಬರೂ ಮುಖ ನೋಡಿಕೊಳ್ಳುತ್ತಾರೆ. ಪಟ್ಟಿ ಕೊಂಚ ವೇಗ ಹೆಚ್ಚಿಸುತ್ತದೆ. ಹಿಂದುಳಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಇನ್ನೂ ವೇಗ. ಟೋಪಿಯೊಳಗೆ, ರವಿಕೆಯೊಳಗೆ, ಎರಡೂ ಕೆನ್ನೆಗಳೊಳಗೆ. ಅಷ್ಟರಲ್ಲಿ ಮೇಲ್ವಿಚಾರಕಿ ಬಂದು ನೋಡುತ್ತಾಳೆ, ಸುತ್ತದ ಚಾಕೊಲೇಟ್ ಒಂದೂ ಇಲ್ಲ. ಭೇಷ್ ಎಂದು ಮೆಚ್ಚಿ, ಪಟ್ಟಿಯನ್ನು ಇನ್ನಷ್ಟು ಜೋರಾಗಿ ಬಿಡಲು ಕೂಗಿ ಹೇಳುತ್ತಾಳೆ.

ಈ ಕೊನೆಯ ತಿರುವಿನ ಸೊಗಸಿಗೆ ತಲೆದೂಗಲೇಬೇಕು. ತಪ್ಪನ್ನು ಮುಚ್ಚಿಟ್ಟದ್ದಕ್ಕೆ ಸಿಗುವ ಬಹುಮಾನವೇ ಶಿಕ್ಷೆ. ಕಾರ್ಖಾನೆಯ ಪಟ್ಟಿಯನ್ನು ಲೂಸಿಗಿಂತ ಮೊದಲೇ ನಗೆಗೆ ದುಡಿಸಿಕೊಂಡವರು ಚಾಪ್ಲಿನ್. 1936ರ ‘ಮಾಡರ್ನ್ ಟೈಮ್ಸ್’ನಲ್ಲಿ ಯಂತ್ರ ಒಬ್ಬ ಮನುಷ್ಯನನ್ನು ನುಂಗುತ್ತದೆ, ಅವನು ಒಂಟಿ. ಲೂಸಿ ಒಂಟಿಯಲ್ಲ. ಕೆನ್ನೆಯುಬ್ಬಿಸಿಕೊಂಡ ಲೂಸಿ ಪಕ್ಕಕ್ಕೆ ತಿರುಗಿದಾಗ ಅಲ್ಲಿ ಅಷ್ಟೇ ಉಬ್ಬಿದ ಎಥೆಲ್ ಇದ್ದಾಳೆ. ಎಥೆಲ್ ಆಗಿ ನಟಿಸಿದ ವಿವಿಯನ್ ವ್ಯಾನ್ಸ್‌ರನ್ನು ಲೂಸಿಯ ಬೆನ್ನಿಗೆ ಅಂಟಿದ ಸಹನಟಿಯೆಂದು ಬಗೆಯುವುದು ಅನ್ಯಾಯ. ಲೂಸಿಯ ಹುಚ್ಚುತನಕ್ಕೆ ಮೊದಲು ಸಂಶಯ, ಆಮೇಲೆ ಪ್ರತಿಭಟನೆ, ಆಮೇಲೆ ಲೂಸಿಗಿಂತ ಹೆಚ್ಚಿನ ಉತ್ಸಾಹ: ಈ ಮೂರನ್ನೂ ಅವರು ಒಂದೇ ಉಸಿರಿನಲ್ಲಿ ದಾಟುತ್ತಾರೆ. ಅವರಿಲ್ಲದೆ ಪ್ರೇಕ್ಷಕರಿಗೆ ಲೂಸಿಯ ಬೆನ್ನು ಹತ್ತಿ ಹೋಗಲು ಧೈರ್ಯ ಬರುತ್ತಿರಲಿಲ್ಲ. ಎಥೆಲಳ ಗಂಡ ಫ್ರೆಡ್ ಆಗಿದ್ದ ವಿಲಿಯಂ ಫ್ರಾಲಿಗೂ ವಿವಿಯನ್‌ಗೂ ನಿಜಜೀವನದಲ್ಲಿ ಎಣ್ಣೆಸೀಗೆ. ಆ ಕಹಿಯೂ ಪರದೆಯ ಮೇಲೆ ಹಳೆಯ ದಾಂಪತ್ಯದ ಕಾರವಾಗಿ ಒದಗಿಬಂತು.

1956ರ ಏಪ್ರಿಲ್‌ನ ದ್ರಾಕ್ಷಿ ತುಳಿಯುವ ದೃಶ್ಯ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಇಟಲಿಯ ಹಳ್ಳಿಯಲ್ಲಿ ದ್ರಾಕ್ಷಾರಸದ ತೊಟ್ಟಿಗಿಳಿದ ಲೂಸಿ ಅಲ್ಲಿನ ಹೆಂಗಸಿನೊಂದಿಗೆ ಹೊಡೆದಾಡಿ ದ್ರಾಕ್ಷಿಯಲ್ಲೇ ಹೊರಳುತ್ತಾಳೆ. ಜನ ಹೊಡೆದಾಟ ನೆನೆದು ನಗುತ್ತಾರೆ. ನನಗೆ ಪ್ರಿಯವಾದದ್ದು ಅದಕ್ಕೂ ಮೊದಲಿನ ಕೆಲವು ಕ್ಷಣಗಳು. ಬರಿಗಾಲನ್ನು ಮೊದಲ ಸಲ ದ್ರಾಕ್ಷಿಯ ಮೇಲಿಟ್ಟಾಗ ಬೆರಳುಗಳ ನಡುವೆ ಅದು ಪಿಚಕ್ಕನೆ ಒಡೆಯುವುದು ನಮಗೆ ಕಾಣುವುದಿಲ್ಲ, ಮುಖದಲ್ಲಿ ಓದಿಕೊಳ್ಳಬೇಕು. ಮೊದಲು ಹೇವರಿಕೆ, ಆಮೇಲೆ ಕುತೂಹಲ, ಆಮೇಲೆ ಮಳೆನೀರಿನಲ್ಲಿ ಕುಣಿಯುವ ಮಗುವಿನ ಆನಂದ. ಹೊಡೆದಾಟ ಶುರುವಾದ ಮೇಲೆ ಅದು ಬರೀ ಗದ್ದಲ.

ನಗುವಿನ ನಡುವೆ ಬೇರೊಂದು ರಸ ನುಗ್ಗಿದ ಒಂದು ಸಂದರ್ಭವನ್ನು ಇಲ್ಲಿ ಹೇಳಬೇಕು. 1952ರಲ್ಲಿ ಲೂಸಿಲ್ ಮತ್ತೆ ಗರ್ಭಿಣಿಯಾದರು. ಕಾರ್ಯಕ್ರಮ ನಿಲ್ಲಿಸುವ ಬದಲು ಲೂಸಿಯನ್ನೂ ಗರ್ಭಿಣಿಯಾಗಿಸಿದರು. ‘ಗರ್ಭಿಣಿ’ ಎಂಬ ಪದ ಟಿವಿಯಲ್ಲಿ ಕೇಳಬಾರದಿತ್ತು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟಂಟ್ ಪಾದ್ರಿ, ಒಬ್ಬ ಯಹೂದಿ ಗುರು ಸ್ಕ್ರಿಪ್ಟ್ ಓದಿ ಒಪ್ಪಿಗೆ ಕೊಡುತ್ತಿದ್ದರು. ಡಿಸೆಂಬರ್ 8ರ ಕಂತಿನಲ್ಲಿ ಕ್ಲಬ್ಬಿನಲ್ಲಿ ಹಾಡುವ ಗಂಡ ರಿಕಿಗೆ ಒಂದು ಚೀಟಿ ಬರುತ್ತದೆ: ಇಲ್ಲಿರುವ ಒಬ್ಬ ಹೆಂಡತಿ ತನ್ನ ಗಂಡನಿಗೆ ಮಗು ಬರಲಿರುವ ಸುದ್ದಿ ಹೇಳಬೇಕೆಂದಿದ್ದಾಳೆ. ಅವನು ಒಂದೊಂದು ಮೇಜಿನ ಬಳಿಗೂ ಹಾಡುತ್ತಾ ಹೋಗುತ್ತಾನೆ. ಲೂಸಿ ಕುಳಿತ ಮೇಜಿನ ಎದುರು ಬಂದು, ದಾಟಿ, ನಿಂತು, ತಿರುಗುತ್ತಾನೆ. ಅವಳು ತಲೆಯಾಡಿಸುತ್ತಾಳೆ. ಅಲ್ಲಿಂದ ಮುಂದೆ ಇಬ್ಬರೂ ಅತ್ತದ್ದು ಸ್ಕ್ರಿಪ್ಟಿನಲ್ಲಿರಲಿಲ್ಲ. ಹಾಡು ಹಳಿ ತಪ್ಪಿತು, ಧ್ವನಿ ಬಿರಿಯಿತು. ಅದನ್ನು ಹಾಗೆಯೇ ಉಳಿಸಿಕೊಂಡರು, ಪುಣ್ಯ. ಹೆರಿಗೆಯ ಕಂತು 1953ರ ಜನವರಿ 19ರಂದು ಪ್ರಸಾರವಾಯಿತು, ಅದೇ ದಿನ ಲೂಸಿಲ್‌ಗೆ ಸಿಸೇರಿಯನ್ ಆಗಿ ಗಂಡುಮಗು ಹುಟ್ಟಿತು. ಅಂದು ಟಿವಿ ನೋಡಿದವರು ಸುಮಾರು 4.4 ಕೋಟಿ ಜನ. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದ್ದನ್ನು ನೋಡಿದವರು ಅದಕ್ಕಿಂತ ಬಹಳ ಕಡಿಮೆ.

ಆ ವರ್ಷವೇ ಬೇರೊಂದು ಸುದ್ದಿಯೂ ಬಂತು. 1936ರಲ್ಲಿ ಸಮಾಜವಾದಿ ಅಜ್ಜನ ಮಾತಿಗೆ ಕಟ್ಟುಬಿದ್ದು ಲೂಸಿಲ್ ಕಮ್ಯುನಿಸ್ಟ್ ಮತದಾರಳೆಂದು ಹೆಸರು ನೋಂದಾಯಿಸಿದ್ದರು. ಅದು 1953ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ಆ ಕಾಲದಲ್ಲಿ ಇಷ್ಟು ಸಾಕಿತ್ತು ಒಬ್ಬರ ಬದುಕು ಮುಗಿಯಲು. ಡೆಸಿ ಪ್ರೇಕ್ಷಕರೆದುರು ನಿಂತು, ಲೂಸಿಯಲ್ಲಿ ಕೆಂಪಾಗಿರುವುದು ಕೂದಲು ಮಾತ್ರ, ಅದೂ ಅಸಲಿಯಲ್ಲ ಎಂಬರ್ಥದ ಮಾತಾಡಿದರು. ಜನ ಚಪ್ಪಾಳೆ ಹೊಡೆದರು. ಜನರ ಪ್ರೀತಿಯ ಜೊತೆಗೆ ಪ್ರಾಯೋಜಕರ ಲಾಭದ ಲೆಕ್ಕವೂ ಆಕೆಯನ್ನು ಕಾಪಾಡಿತು. ಅಷ್ಟು ಜನಪ್ರಿಯರಲ್ಲದ ಎಷ್ಟೋ ಕಲಾವಿದರಿಗೆ ಆ ಭಾಗ್ಯವಿರಲಿಲ್ಲ.

ಇಂದು ನೋಡುವಾಗ ಮುಳ್ಳಿನಂತೆ ಚುಚ್ಚುವುದೂ ಈ ಧಾರಾವಾಹಿಯಲ್ಲಿದೆ. ರಿಕಿ ಹೆಂಡತಿಯನ್ನು ಮಗುವಿನಂತೆ ತೊಡೆಯ ಮೇಲೆ ಕೆಡವಿಕೊಂಡು ಹೊಡೆಯುವ ದೃಶ್ಯಗಳಿವೆ. ಮನೆಖರ್ಚಿಗೆ ಕೈಯೊಡ್ಡುವುದು, ಸುಳ್ಳು ಲೆಕ್ಕ ಬರೆಯುವುದು, ಕ್ಷಮೆ ಬೇಡುವುದು ಪದೇಪದೇ ಬರುತ್ತವೆ. ಆಗಿನ ಕಾಲ ಹಾಗಿತ್ತು ಎಂದು ದಾಟಿಹೋಗಲು ನನಗೆ ಮನಸ್ಸಿಲ್ಲ, ಆ ಹೊಡೆತಗಳಿಗೆ ನಗು ಬರುವುದಿಲ್ಲ, ಅಷ್ಟೇ. ಆದರೆ ಇಡೀ ಕಥೆಯ ಬೇರಿನಲ್ಲೊಂದು ಚೋದ್ಯವಿದೆ. ಲೂಸಿಗೆ ರಂಗವೇರುವ ಹುಚ್ಚು. ನಿನಗೆ ಹಾಡಲು ಬಾರದು, ಕುಣಿಯಲು ಬಾರದು, ಮನೆಯಲ್ಲಿರು ಎನ್ನುತ್ತಾನೆ ರಿಕಿ. ಅವಳು ಕಳ್ಳದಾರಿಯಲ್ಲಿ ರಂಗಕ್ಕೆ ನುಗ್ಗಿ ಎಲ್ಲವನ್ನೂ ಕೆಡಿಸುತ್ತಾಳೆ. ಹೀಗೆ ಕೆಡಿಸುವುದಕ್ಕೆ ಬೇಕಾದ ಕೌಶಲ ಆ ದೇಶದಲ್ಲಿ ಆಗ ಬೇರೆ ಯಾರಿಗೂ ಇರಲಿಲ್ಲ. ಬೇಸುರ ಹಾಡುವುದೂ ಒಂದು ಲೆಕ್ಕದ ಮೇಲೆಯೇ ನಡೆಯಬೇಕು. ನಾಟಕಶಾಲೆ ವಾಪಸು ಕಳಿಸಿದ ಹುಡುಗಿ, ರಂಗಕ್ಕೆ ಲಾಯಕ್ಕಿಲ್ಲದ ಹೆಂಗಸಿನ ಪಾತ್ರದಲ್ಲಿ ಆ ಕಾಲದ ಅತ್ಯಂತ ದೊಡ್ಡ ರಂಗವನ್ನು ಆಳಿದರು.

180 ಕಂತುಗಳ ನಂತರ 1957ರ ಮೇ ತಿಂಗಳಲ್ಲಿ ಅರ್ಧಗಂಟೆಯ ಮಾಲಿಕೆ ಮುಗಿಯಿತು, ಒಂದು ಗಂಟೆಯ ವಿಶೇಷ ಕಂತುಗಳು ಮುಂದುವರಿದವು. ಲೂಸಿಲ್ ಹಿಂದೆ ಸಣ್ಣಪುಟ್ಟ ಪಾತ್ರಗಳಿಗೆ ಸಂಬಳಕ್ಕಿದ್ದ ಆರ್‌ಕೆಒ ಸ್ಟುಡಿಯೋವನ್ನೇ ದಂಪತಿಗಳು ಅದೇ ವರ್ಷ ಕೊಂಡುಕೊಂಡರು. ಮನೆಯೊಳಗೆ ಮಾತ್ರ ಡೆಸಿಯ ಕುಡಿತ, ಇತರ ಹೆಂಗಸರ ಸಹವಾಸ, ಜಗಳ. 1960ರ ಮಾರ್ಚ್ 2ರಂದು ಕೊನೆಯ ಕಂತಿನ ಚಿತ್ರೀಕರಣ, ಅದರ ಮುಕ್ತಾಯದಲ್ಲಿ ಲೂಸಿ, ರಿಕಿ ರಾಜಿಯಾಗಿ ಮುತ್ತಿಡಬೇಕಿತ್ತು. ಇಟ್ಟರು. ಮರುದಿನ ಲೂಸಿಲ್ ವಿಚ್ಛೇದನದ ಅರ್ಜಿ ಹಾಕಿದರು. 1962ರಲ್ಲಿ ಡೆಸಿಯ ಪಾಲನ್ನೂ ಕೊಂಡು ದೆಸಿಲು ಸ್ಟುಡಿಯೋದ ಅಧ್ಯಕ್ಷರಾದರು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋವೊಂದನ್ನು ಹೆಣ್ಣೊಬ್ಬಳು ನಡೆಸಿದ್ದು ಅದೇ ಮೊದಲು. ‘ಸ್ಟಾರ್ ಟ್ರೆಕ್’, ‘ಮಿಷನ್: ಇಂಪಾಸಿಬಲ್’ ಅಲ್ಲಿಂದ ಹೊರಟವು. 1967ರಲ್ಲಿ 1.7 ಕೋಟಿ ಡಾಲರಿಗೆ ಸ್ಟುಡಿಯೋ ಮಾರಿದರು.

‘ದಿ ಲೂಸಿ ಶೋ’, ‘ಹಿಯರ್ಸ್ ಲೂಸಿ’ 1974ರವರೆಗೂ ನಡೆದವು, 1967 ಮತ್ತು 1968ರಲ್ಲಿ ಎಮ್ಮಿ ಪ್ರಶಸ್ತಿಗಳೂ ಬಂದವು. ಎಷ್ಟು ಸಲ ನೋಡಿದರೂ ಅವುಗಳಲ್ಲಿ ನನಗೆ ಏನೋ ಕಡಿಮೆ. ಬಣ್ಣ ಬಂತು, ಅತಿಥಿತಾರೆಗಳು ಬಂದರು, ಆದರೆ ಬೇಡ ಎನ್ನುವ ರಿಕಿ ಇಲ್ಲ. ಹಾರಲು ಗೋಡೆಯೇ ಇಲ್ಲದ ಮೇಲೆ ಹಾರಾಟದಲ್ಲಿ ಏನು ರುಚಿ? 1986ರಲ್ಲಿ, 75ರ ವಯಸ್ಸಿನಲ್ಲಿ, ‘ಲೈಫ್ ವಿತ್ ಲೂಸಿ’ ಎಂಬ ಹೊಸ ಮಾಲಿಕೆ ಶುರುವಾಯಿತು. 13 ಕಂತು ಚಿತ್ರೀಕರಿಸಿ, 8 ತೋರಿಸಿ ನಿಲ್ಲಿಸಿದರು. ಸ್ಕ್ರಿಪ್ಟು ಹಳಸಲು ಎಂದರು ವಿಮರ್ಶಕರು. ನನ್ನ ಲೆಕ್ಕದಲ್ಲಿ ಕಾರಣ ಬೇರೆ. ಬೀಳುವವರಿಗೆ ನೋವಾಗುವುದಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಬೀಳುವುದು ಹಾಸ್ಯ. ಅಜ್ಜಿಯೊಬ್ಬರು ಮುಗ್ಗರಿಸಿದರೆ ಪ್ರೇಕ್ಷಕರು ಎದ್ದು ಕೈಕೊಡಲು ಹೋಗುತ್ತಾರೆ. ಹಾಸ್ಯದ ಜಾಗಕ್ಕೆ ಭಯ ಬಂದು ಕೂತರೆ ಆ ಮೇಲೆ ಯಾವ ಲೇಖಕರೂ ಅದನ್ನು ಎಬ್ಬಿಸಲಾರರು. ತಾಯಿ ಡೀಡೀಗೆ ಮೊದಲಿನಿಂದಲೂ ಇದ್ದ ಆತಂಕ ಈಗ ಇಡೀ ಸಭೆಗೆ ಹಬ್ಬಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಡೆಸಿ ತೀರಿಕೊಂಡರು. ಲೂಸಿಲ್ 1989ರ ಏಪ್ರಿಲ್ 26ರಂದು, 77ನೆಯ ವಯಸ್ಸಿನಲ್ಲಿ.

ಹೊಸಬರು ಯಾವುದನ್ನು ನೋಡಬೇಕೆಂದರೆ, ಮೊದಲೆರಡು ವರ್ಷದ ಕಂತುಗಳಲ್ಲಿ ಯಾವುದಾದರೂ ಆದೀತು. ಒಮ್ಮೆ ಧ್ವನಿ ಆರಿಸಿ ನೋಡಿ ಎಂಬುದು ನನ್ನ ಸಲಹೆ, ಕೀಟನ್‌ರ ಶಿಷ್ಯೆ ಆಗ ಚೆನ್ನಾಗಿ ಕಾಣುತ್ತಾರೆ. ಹಾಲಿವುಡ್ ಪ್ರವಾಸದ ಕಂತುಗಳಲ್ಲಿ ತಾರೆಯರ ಮೆರವಣಿಗೆ ಜಾಸ್ತಿ, ಕಥೆ ಸಡಿಲ. ಆದರೂ ಎರಡನ್ನು ಬಿಡಬಾರದು. ಒಂದು, 1955ರ ಮೇ 9ರದು. 1933ರ ‘ಡಕ್ ಸೂಪ್’ನಲ್ಲಿ ತಮ್ಮ ಗ್ರೌಚೋನ ಎದುರು ಸುಳ್ಳು ಪ್ರತಿಬಿಂಬವಾಗಿ ನಿಂತು ಆಟವಾಡಿಸಿದ್ದ ಹಾರ್ಪೋ ಮಾರ್ಕ್ಸ್, ಇಲ್ಲಿ ತನ್ನದೇ ವೇಷ ತೊಟ್ಟ ಲೂಸಿಯ ಎದುರು ನಿಂತು ಇದು ಕನ್ನಡಿಯೇ ಅಲ್ಲವೇ ಎಂದು ಪರೀಕ್ಷಿಸುತ್ತಾರೆ. ಇನ್ನೊಂದು, ಅದೇ ವರ್ಷದ ಫೆಬ್ರವರಿ 7ರದು. ಹೋಟೆಲಿನಲ್ಲಿ ಪಕ್ಕದ ಮೇಜಿನ ನಟ ವಿಲಿಯಂ ಹೋಲ್ಡನ್‌ರನ್ನು ಲೂಸಿ ಎವೆಯಿಕ್ಕದೆ ದಿಟ್ಟಿಸಿ, ಅವರು ತಿರುಗಿ ಅವಳನ್ನೇ ದಿಟ್ಟಿಸತೊಡಗಿದಾಗ ಬಾಯಲ್ಲಿನ ಸ್ಪಗೆಟ್ಟಿ ಮುಗಿಯದಾಗುತ್ತದೆ. ಎಥೆಲ್ ತನ್ನ ಕೈಚೀಲದಿಂದ ಕತ್ತರಿ ತೆಗೆದು ಅದನ್ನು ಕತ್ತರಿಸುತ್ತಾಳೆ. ಆಮೇಲೆ ಹೋಲ್ಡನ್ ಅವಳು ತಂಗಿದ್ದ ಕೋಣೆಗೇ ಅತಿಥಿಯಾಗಿ ಬರುತ್ತಾರೆ. ಗುರುತು ಸಿಗದಿರಲೆಂದು ಲೂಸಿ ಮೇಣದಂಥ ಜೇಡಿಯಿಂದ ಉದ್ದದ ಸುಳ್ಳು ಮೂಗು ಅಂಟಿಸಿಕೊಳ್ಳುತ್ತಾಳೆ. ಹೋಲ್ಡನ್ ಸಿಗರೇಟಿಗೆಂದು ಬೆಂಕಿ ಹಿಡಿಯುತ್ತಾರೆ, ಹೊತ್ತಿಕೊಳ್ಳುವುದು ಮೂಗು. ಲೂಸಿ ಕಿರುಚುವುದಿಲ್ಲ, ಓಡುವುದಿಲ್ಲ. ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ, ಉರಿಯುವ ಮೂಗನ್ನು ಮರ್ಯಾದೆಯಿಂದ ಅದರಲ್ಲಿ ಅದ್ದುತ್ತಾಳೆ.